ಒಣಗಿದ ಕೆರೆಗೆ ಎರಡು ಕಿವಿ

ಬೀದರದ ಬಸ್ ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಧಾರವಾಡದಿಂದ ರಾತ್ರಿಯೆಲ್ಲ ಕುಳಿತೇ ಬಂದಿದ್ದೆ. ಸೊಂಟ ನನ್ನದೋ ಪಕ್ಕದ ಸೀಟಿನವರದೋ ಎಂಬ ಅನುಮಾನ ಬರುವಷ್ಟು ಮರಗಟ್ಟಿತ್ತು. ಬೆಂಗಳೂರಿನವರ ಲೆಕ್ಕದಲ್ಲಿ ಧಾರವಾಡ ಮತ್ತು ಬೀದರ ಅಕ್ಕಪಕ್ಕದ ಓಣಿಗಳು. "ನೀವು ಆ ಕಡೆಯವರೇ ಅಲ್ಲವೇ, ಸುಮ್ಮನೆ ಒಂದು ಹೆಜ್ಜೆ ಹೋಗಿ ನೋಡಿಕೊಂಡು ಬನ್ನಿ" ಎಂದು ಕಲಾಪ್ರದರ್ಶನದ ಆಯ್ಕೆ ಸಮಿತಿಯವರು ಫೋನಿನಲ್ಲಿ ಹೇಳಿದ್ದರು. ಆ ಒಂದು ಹೆಜ್ಜೆ ನಾನೂರು ಕಿಲೋಮೀಟರಿಗೂ ಹೆಚ್ಚು ಎಂದು ಅವರಿಗೆ ತಿಳಿಸಿ ಹೇಳುವ ಶಕ್ತಿ ನನಗಿರಲಿಲ್ಲ.

ನಾನು ಚಿತ್ರಕಲೆಯ ಬಗ್ಗೆ ಒಂದು ವಾರಪತ್ರಿಕೆಗೆ ಬರೆಯುವವಳು. ಬೆಂಗಳೂರಿನಲ್ಲಿ ಆ ವರ್ಷ ಒಂದು ದೊಡ್ಡ ಪ್ರದರ್ಶನ ನಡೆಯುವುದಿತ್ತು. ಸೈನ್ಯದವರು ಬಳಸಿ ಬಿಟ್ಟ ವೈರ್‌ಲೆಸ್ಸು, ಫೀಲ್ಡ್ ಟೆಲಿಫೋನು, ಕೇಬಲ್ ಟಿವಿಯವರು ಕೈಬಿಟ್ಟ ಉಪಗ್ರಹದ ಡಿಶ್ ಆಂಟೆನಾ ಇಂಥವುಗಳಿಂದ ಮಾಡಿದ ಕಲಾಕೃತಿಗಳಷ್ಟೇ ಅಲ್ಲಿ ಇರತಕ್ಕದ್ದು. ಕೊನೆಯ ಸುತ್ತಿಗೆ ಉಳಿದವರಲ್ಲಿ ಭಾಲ್ಕಿಯ ಸುಜಾತಾ ಒಬ್ಬಳು. ಕಲಬುರಗಿಯ ಚಿತ್ರಕಲಾ ಶಾಲೆಯಲ್ಲಿ ನನಗಿಂತ ಕೆಲವು ವರ್ಷ ಕೆಳಗಿನ ತರಗತಿಯಲ್ಲಿ ಓದಿದವಳು, ಈಗ ಸರಕಾರಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಅವಳ ಕೃತಿ ಶಬ್ದದ್ದಾದ್ದರಿಂದ ಫೋಟೋ ನೋಡಿದರೆ ಸಾಲದು. ಜನ ಅದನ್ನು ಬಳಸಿ ಮಾತಾಡುವುದನ್ನು ರೆಕಾರ್ಡ್ ಮಾಡಿ ತಂದರೆ ಮಾತ್ರ ತೀರ್ಮಾನ ಎಂದು ಸಮಿತಿ ಹೇಳಿತ್ತು. ಅಂಗೈಯಗಲದ ರೆಕಾರ್ಡರೊಂದು, ಒಂದು ಹೆಡ್‌ಫೋನು ಕೊಟ್ಟು ನನ್ನನ್ನು ಅಟ್ಟಿದ್ದರು.

ಸುಜಾತಾ ನಿಲ್ದಾಣಕ್ಕೇ ಬಂದಿದ್ದಳು. "ಅಕ್ಕಾ, ನೀ ಖರೇನೇ ಬಂದಿದಿ!" ಎಂದು ನನ್ನ ಚೀಲ ಕಸಿದುಕೊಂಡಳು. ಕೂದಲು ಅರ್ಧ ಬೆಳ್ಳಗಾಗಿದ್ದವು, ನಡಿಗೆ ಮಾತ್ರ ಹಳೆಯ ದಡಬಡ ನಡಿಗೆಯೇ. ಕ್ಯಾಂಟೀನಿನಲ್ಲಿ ಚಾ ಕುಡಿಯುತ್ತ ಅವಳು ಏನೋ ಹೇಳಲು ಶುರು ಮಾಡಿದಾಗ ತಲೆಯ ಮೇಲೆ ತರಬೇತಿಯ ಜೆಟ್ ವಿಮಾನವೊಂದು ಹಾದುಹೋಯಿತು. ಸುಜಾತಾ, ಚಾ ಕೊಡುವವನು, ಪಕ್ಕದ ಬೆಂಚಿನಲ್ಲಿ ಜಗಳಾಡುತ್ತಿದ್ದ ಇಬ್ಬರು, ಎಲ್ಲರೂ ನಿಂತಲ್ಲಿಗೇ ಮಾತು ನಿಲ್ಲಿಸಿದರು. ವಿಮಾನ ದೂರಾದ ಮೇಲೆ ಬಿಟ್ಟ ಶಬ್ದದಿಂದಲೇ ಮುಂದುವರಿಸಿದರು, ಜಗಳ ಕೂಡ. ಬೀದರದವರಿಗೆ ಇದು ಉಸಿರಾಡಿದಷ್ಟು ಸಹಜ. ನಾನೊಬ್ಬಳೇ ಆಕಾಶ ನೋಡುತ್ತ ಬಾಯಿ ತೆರೆದುಕೊಂಡಿದ್ದೆ.

ಅಲ್ಲಿಂದ ಆಟೋ ಹಿಡಿದು ಊರಂಚಿನ ಕೊಳಾರಕ್ಕೆ ಹೋದೆವು. ಕಾರ್ಖಾನೆಗಳ ಸಾಲಿನ ಹಿಂದೆ ಒಂದು ಗುಜರಿ ಅಂಗಳ. ಅದರಲ್ಲಿ ಕೇಬಲ್ ಟಿವಿಯವರು ಬಿಸಾಕಿದ ಡಿಶ್‌ಗಳು ಒಂದರ ಮೇಲೊಂದು ಮಗುಚಿ ಬಿದ್ದಿದ್ದವು. ಸುಜಾತಾಳಿಗೆ ಡಿಶ್ಶಿನ ನಡುವೆ ಕೂರಿಸುವ ಒಂದು ಕಬ್ಬಿಣದ ಬಳೆ ಬೇಕಿತ್ತು. ಅವಳು ಬಿಸಿಲಲ್ಲಿ ಹುಡುಕುವಾಗ ನಾನು ಅಂಗಳದ ಯಜಮಾನನ ಜೊತೆ ನೆರಳಿನಲ್ಲಿ ಕುಳಿತೆ. "ಇವೆಲ್ಲಾ ಒಂದು ಜಮಾನಾದಾಗ ಆಸಮಾನದ ಜೋಡಿ ಮಾತಾಡ್ತಿದ್ವು ಮೇಡಂ. ಈಗ ತಕ್ಕಡಿ ಜೋಡಿ" ಎಂದು ಆತ ತನ್ನ ಮಾತಿಗೆ ತಾನೇ ನಕ್ಕ. ಒಂದು ಲೋಟ ನೀರು ಕೇಳಿದೆ. ಅರ್ಧ ಲೋಟ ಕೊಟ್ಟ, ಅದೂ ಸ್ವಲ್ಪ ಯೋಚಿಸಿ ಕೊಟ್ಟ.

ಎರಡನೆಯ ವರ್ಷವೂ ಮಳೆ ಕೈಕೊಟ್ಟ ಬೇಸಿಗೆ ಅದು. ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ತರುತ್ತಿದ್ದರು. ಬೀದರದಿಂದ ಭಾಲ್ಕಿಗೆ ಒಂದೂಕಾಲು ಗಂಟೆಯ ದಾರಿ, ನಲವತ್ತು ರೂಪಾಯಿ ಟಿಕೀಟು. ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳಲ್ಲಿ ಕೂಳೆ ಮಾತ್ರ ಇತ್ತು. ಏಪ್ರಿಲ್ ಹದಿನಾಲ್ಕರ ಭೀಮ ಜಯಂತಿ ಮುಗಿದು ಎರಡು-ಮೂರು ದಿನವಷ್ಟೇ ಆಗಿತ್ತು. ಊರೂರಿನ ಅಗಸಿ ಬಾಗಿಲಲ್ಲಿ ನೀಲಿ ಪತಾಕೆಗಳು ಹಾಗೇ ಇದ್ದವು. ಹೈದರಾಬಾದು, ಪುಣೆ, ಮುಂಬಯಿಗೆ ದುಡಿಯಲು ಹೋದವರು ಜಯಂತಿಗೆಂದು ಬಂದಿದ್ದಾರೆ, ಇನ್ನು ಹೊರಡುತ್ತಾರೆ, ಅವರು ಹೊರಡುವ ದಿನಕ್ಕೇ ನನ್ನ ಕೃತಿ ಇಟ್ಟುಕೊಂಡಿದ್ದೇನೆ ಎಂದು ಸುಜಾತಾ ಬಸ್ಸಿನಲ್ಲಿ ಹೇಳಿದಳು. ನನಗೆ ನಿದ್ದೆ ಬರುತ್ತಿತ್ತು. ಹೂಂ ಎನ್ನುತ್ತಿದ್ದೆ.

ಭಾಲ್ಕಿಯಲ್ಲಿ ಅವಳ ಮನೆಯ ಹಿಂದಿನ ಕೋಣೆ ಒಂದು ಚಿಕ್ಕ ಸೈನ್ಯದ ಉಗ್ರಾಣವೇ ಆಗಿತ್ತು. ಹೈದರಾಬಾದಿನ ಹಳೆ ಸಾಮಾನಿನ ಬಜಾರಿನಿಂದ ವರ್ಷಗಟ್ಟಲೆ ಹೊತ್ತು ತಂದದ್ದು: ಹಿಡಿಕೆ ತಿರುಗಿಸಿದರೆ ಗಂಟೆ ಬಾರಿಸುವ ಫೀಲ್ಡ್ ಟೆಲಿಫೋನು, ತಂತಿ ಸುತ್ತಿದ ದೊಡ್ಡ ಉರುಳೆಗಳು, ಟ್ಯಾಂಕಿನೊಳಗೆ ಕೂರುವವರು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಮೈಕು. ಈ ಕೊರಳ ಮೈಕು ಬಾಯಿಂದ ಬಂದ ಮಾತು ಕೇಳಿಸಿಕೊಳ್ಳುವುದಿಲ್ಲ, ಗಂಟಲಿನ ನಡುಕವನ್ನು ಹಿಡಿಯುತ್ತದೆ. ಸುಜಾತಾ ಅದನ್ನು ಓಣಿಯ ಬೋರಿಂಗ್ ಕೈಪಂಪಿನ ಕೊರಳಿಗೆ ಬಿಗಿದು, ಹೆಡ್‌ಫೋನು ನನ್ನ ಕಿವಿಗೆ ಹಾಕಿ, ಹಿಡಿಕೆ ಒತ್ತಿದಳು. ನೀರಿಲ್ಲದ ಕೊಳವೆ ಕೆಳಗಿನಿಂದ ಗಾಳಿ ಎಳೆಯುವ ಸದ್ದು ಕೇಳಿತು. ದಮ್ಮಿನ ರೋಗಿಯ ಎದೆಗೆ ಕಿವಿಯಿಟ್ಟ ಹಾಗಿತ್ತು. ಹೆಡ್‌ಫೋನು ತೆಗೆದುಕೊಟ್ಟು, ಸಾಕು ಮಾರಾಯ್ತಿ ಎಂದೆ.

ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಊಟವಾದ ಮೇಲೆ ತಟ್ಟೆಗಳನ್ನು ತೊಳೆಯಲಿಲ್ಲ, ಬೂದಿಯಿಂದ ಒರೆಸಿಟ್ಟಳು. ಗೋಡೆಗೆ ಒರಗಿ ಕುಳಿತು, ಬೇರೆಯವರ ವಿಷಯ ಹೇಳುವವಳಂತೆ ಹೇಳಿದಳು: "ಇಪ್ಪತ್ತು ವರ್ಷ ಆಯ್ತು ಅಕ್ಕಾ ಕಳಸ್ಲಿಕತ್ತು. ಎಲ್ಲಾ ಕಡಿಂದ ಹೊಳ್ಳಿ ಬಂದಾವ. ಕೊನೀ ಸುತ್ತಿನ ತನಕ ಹೋಗಿದ್ದು ಇದೊಂದೇ. ಈ ಸಲ ಆಗ್ಲಿಲ್ಲಂದ್ರ ಬಿಟ್ಟೇ ಬಿಡ್ತೇನಿ. ಸಾಲಿ ಹುಡುಗುರಿಗಿ ಮಾವಿನಕಾಯಿ ಚಿತ್ರ ಕಲಸ್ಕೋತ ಕುಂದರ್ತೇನಿ." ಮಾವಿನಕಾಯಿಗೇನು ಕಡಿಮೆ ಎಂದು ಚೇಷ್ಟೆ ಮಾಡಲು ಹೋದೆ. ಅವಳು ನಗಲಿಲ್ಲ. ನನ್ನ ಚೀಲದಲ್ಲಿದ್ದ ಆ ಪುಟ್ಟ ರೆಕಾರ್ಡರು ಆಗ ಸ್ವಲ್ಪ ಭಾರವಾದಂತೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಔರಾದಿಗೆ ಹೊರಟೆವು. ಮಾಂಜ್ರಾ ನದಿಯ ಸೇತುವೆಯ ಮೇಲೆ ಬಸ್ಸು ನಿಧಾನಿಸಿತು. ಕೆಳಗೆ ಮರಳಿನಲ್ಲಿ ಹೆಂಗಸರು ಗುಂಡಿ ತೋಡಿ, ಊರಿದ ನೀರನ್ನು ಬಟ್ಟಲಿನಿಂದ ಎತ್ತಿ ಕೊಡಕ್ಕೆ ಹಾಕುತ್ತಿದ್ದರು. ಬಸ್ಸಿನವರು ಯಾರೂ ಅತ್ತ ನೋಡಲಿಲ್ಲ, ಎಲ್ಲರೂ ನೋಡಿ ನೋಡಿ ದಣಿದವರೇ. ಔರಾದಿನಲ್ಲಿ ನಮಗಾಗಿ ಕಾಯುತ್ತಿದ್ದವನು ಪ್ರಭುದಾಸ. ನಲವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಮೆಥೊಡಿಸ್ಟ್ ಕ್ರೈಸ್ತ ಸಭೆಯ ಮನೆತನದವನು. ಹದಿನೈದು ವರ್ಷ ಸುತ್ತಲಿನ ಹಳ್ಳಿಗಳಿಗೆ ಕೇಬಲ್ ಟಿವಿ ಕೊಟ್ಟಿದ್ದ. ಮನೆಮನೆಗೂ ಚಿಕ್ಕ ಡಿಶ್ ಬಂದ ಮೇಲೆ ಅವನ ದೊಡ್ಡ ಡಿಶ್‌ಗಳನ್ನು ಕೇಳುವವರಿಲ್ಲವಾಯಿತು. ಅವನ್ನು ಗುಜರಿಗೆ ಹಾಕದೆ ಸುಜಾತಾಳಿಗೆ ಕೊಟ್ಟಿದ್ದ, ಜೊತೆಗೆ ತನ್ನ ಕೈಕೆಲಸವನ್ನೂ ಕೊಟ್ಟಿದ್ದ. ಮರುದಿನದ ಬಸ್ಸಿಗೆ ಅವನೂ ಹೊರಡುವವನಿದ್ದ, ಹೈದರಾಬಾದಿನ ಒಂದು ಅಪಾರ್ಟ್‌ಮೆಂಟಿಗೆ ವಾಚ್‌ಮನ್ ಆಗಿ.

"ಮೊದಲನೇ ಸಲ ಹೊಂಟೇನ್ರಿ ಮೇಡಂ," ಎಂದ. "ಉಳಿದವ್ರೆಲ್ಲಾ ರೂಢಿ ಬಿದ್ದವ್ರು. ನನಗ ಬ್ಯಾಗ ಹ್ಯಾಂಗ ಕಟ್ಟಬೇಕಂತಾನೂ ಗೊತ್ತಿಲ್ಲ."

ಅವನ ಹಳ್ಳಿ ಔರಾದಿನಿಂದ ಏಳೆಂಟು ಕಿಲೋಮೀಟರು. ಕ್ರೂಸರ್ ಜೀಪಿನಲ್ಲಿ ಹದಿನೇಳು ಜನರ ಜೊತೆ ಹೋದೆವು. ನನ್ನ ತೊಡೆಯ ಮೇಲೆ ಯಾರದೋ ಕೂಸು ಇತ್ತು. ಊರಿನ ಮುಂದೆ ಕೆರೆ, ಕೆರೆಯ ಆಚೆ ದಂಡೆಯಲ್ಲಿ ಡಾಂಬರು ರಸ್ತೆ. ಕೆರೆಯಲ್ಲಿ ಹನಿ ನೀರಿಲ್ಲ, ಕರಿಮಣ್ಣು ಬಿರಿದು ಹೆಂಚು ಹೆಂಚಾಗಿತ್ತು. ಊರ ಕಡೆಯ ದಂಡೆಯಲ್ಲಿ ಒಂದು, ರಸ್ತೆ ಕಡೆಯ ದಂಡೆಯಲ್ಲಿ ಒಂದು, ಎರಡು ಭಾರಿ ಡಿಶ್‌ಗಳು ಒಂದರ ಮುಖ ಒಂದು ನೋಡುತ್ತ ನಿಂತಿದ್ದವು. ಜಾಳಿಗೆಯ ಡಿಶ್ಶಿನಲ್ಲಿ ಶಬ್ದ ಸೋರಿಹೋಗುತ್ತದೆಂದು ಅವಕ್ಕೆ ಗೋಣಿತಟ್ಟು ಹೊಚ್ಚಿ, ಮಣ್ಣು ಸೆಗಣಿ ಕಲೆಸಿ ನುಣ್ಣಗೆ ಸಾರಿಸಿದ್ದರು. ಆಕಾಶ ನೋಡುವುದಕ್ಕೆಂದು ಮಾಡಿದ ವಸ್ತು ಮನೆಯ ಪಡಸಾಲೆಯಷ್ಟು ಪರಿಚಿತವಾಗಿ ಕಾಣುತ್ತಿತ್ತು.

ರೇಡಾರು ಬರುವ ಮೊದಲು ಯುದ್ಧದಲ್ಲಿ ವೈರಿಯ ವಿಮಾನ ದೂರದಲ್ಲಿರುವಾಗಲೇ ಕೇಳಿಸಿಕೊಳ್ಳಲು ಇಂಥ ದೊಡ್ಡ ಬೋಗುಣಿಗಳನ್ನು ಗಾರೆಯಲ್ಲಿ ಕಟ್ಟುತ್ತಿದ್ದರಂತೆ. ಅದರ ಫೋಟೋ ಒಂದನ್ನು ನೋಡಿದ್ದೇ ಸುಜಾತಾಳಿಗೆ ಮೂಲ. ಮಾತಾಡುವವರು ತಮ್ಮ ಡಿಶ್ಶಿನ ಕಡೆ ಮುಖ ಮಾಡಿ, ನಡುವಿನ ಕಬ್ಬಿಣದ ಬಳೆಯ ಹತ್ತಿರ ಬಾಯಿಯಿಟ್ಟು ಪಿಸುಗುಟ್ಟಬೇಕು. ಆ ಶಬ್ದ ಡಿಶ್ಶಿಗೆ ಬಡಿದು, ಕೆರೆ ದಾಟಿ, ಎದುರಿನ ಡಿಶ್ಶಿನಲ್ಲಿ ಮತ್ತೆ ಕೂಡಿ, ಅಲ್ಲಿ ಕುಳಿತವರ ಕಿವಿಗೆ ಬೀಳುತ್ತದೆ. ನಡುವೆ ತಂತಿಯಿಲ್ಲ, ಬ್ಯಾಟರಿಯಿಲ್ಲ. ಪ್ರಭುದಾಸ ಕೊಳಾರದ ಬಳೆಯನ್ನು ಕೂರಿಸಿ, ಕಣ್ಣು ಕಿರಿದು ಮಾಡಿ, ಕೂದಲೆಳೆಯಷ್ಟು ಅತ್ತಿತ್ತ ಜರುಗಿಸಿ, "ಹೂಂ, ಸಿಗ್ನಲ್ ಬಂತು" ಎಂದ. ಹಳೆಯ ಕಸುಬಿನ ಗತ್ತು ಆ ಒಂದು ಕ್ಷಣ ಅವನ ಮುಖದಲ್ಲಿ ಕಂಡಿತು.

ಸುಜಾತಾ ಆಚೆ ದಂಡೆಗೆ ಹೋದಳು. ಒಂದು ಫರ್ಲಾಂಗು ದೂರ. ಕೂಗಿದರೂ ಮಾತು ತಿಳಿಯದು. ನಾನು ನಂಬಿಕೆಯಿಲ್ಲದೆ ಸ್ಟೂಲಿನ ಮೇಲೆ ಕುಳಿತು, "ನನ್ನ ಸೊಂಟ ಹೋಯಿತಲ್ಲೇ" ಎಂದು ಮೆಲ್ಲಗೆ ಗೊಣಗಿದೆ. ಕಿವಿಯ ಪಕ್ಕದಲ್ಲೇ ಕುಳಿತವಳಂತೆ ಅವಳು, "ಹರಳೆಣ್ಣಿ ಹಚ್ತೇನಿ, ಸುಮ್ನ ಕುಂದುರು" ಎಂದಳು. ನಾನು ಬೆಚ್ಚಿ ಹಿಂದೆ ತಿರುಗಿ ನೋಡಿದೆ. ದೂರದಲ್ಲಿ ಅವಳು ಚುಕ್ಕೆಯಾಗಿ ಕಾಣುತ್ತಿದ್ದಳು. ಎರಡು ದಿನದ ಆಯಾಸದಲ್ಲಿ ಮೊದಲ ಬಾರಿ ನನಗೆ ಖುಷಿಯಾಯಿತು. ಇವಳು ಗೆಲ್ಲುತ್ತಾಳೆ ಎಂದುಕೊಂಡೆ.

ಸಂಜೆ ಬಿಸಿಲಿಳಿದ ಮೇಲೆ ಊರ ಕಡೆಯ ಡಿಶ್ಶಿನ ಬಳಿ ಹೆಂಗಸರೆಲ್ಲ ಸೇರಿದರು. ಸುಜಾತಾ ಅವರಿಗೆ ತಿಳಿಸಿ ಹೇಳಿದಳು. ನಾಳೆ ಬೆಳಿಗ್ಗೆ ಹೊರಡುವವರು ಬಸ್ಸು ಹತ್ತುವ ಮೊದಲು ಆ ಕಡೆಯ ಡಿಶ್ಶಿನಲ್ಲಿ ಕೂರುತ್ತಾರೆ; ನೀವು ಇಲ್ಲಿಂದ ಅವರೊಡನೆ ಮಾತಾಡಬೇಕು; ಈ ಮೇಡಂ ಅದನ್ನು ಹಿಡಿದುಕೊಂಡು ಬೆಂಗಳೂರಿಗೆ ಕಳಿಸುತ್ತಾರೆ. ಎಲ್ಲರೂ ಕೇಳಿದರು. ಆಮೇಲೆ ಗೋದಾವರಿಬಾಯಿ ಎಂಬ ಮುದುಕಿ ಎಲೆಯಡಿಕೆ ಉಗುಳಿ ಬಂದು ಕೇಳಿದಳು.

"ಹೊಂಟವ್ರಿಗಿ ಬೆನ್ನ ಹಿಂದಿಂದ ಕರೀತಾರೇನವ್ವಾ? ಸಾಲಿ ಕಲ್ತಾಕಿ ನೀ, ಇಷ್ಟೂ ಗೊತ್ತಿಲ್ಲೇನು?"

ಸುಜಾತಾ ಒಂದು ಕ್ಷಣ ಕಣ್ಣು ಪಿಳುಕಿಸಿದಳು. "ಕರೀಬ್ಯಾಡ್ರಿ ಆಯಿ. ಮಾತಾಡ್ರಿ. ಹೊತ್ತಿಗಿ ಸರೀ ಉಣ್ಣು, ಜ್ವಾಕಿ, ಹಂಗ."

"ಮಾತಾಡಿದ್ರೂ ಕರ್ದಂಗೇ ಆಯ್ತು. ದನಿ ಹಿಂದಿಂದ ಹೋಗ್ತದಲ್ಲ."

"ಹಿಂದಿಂದ ಹೋಗಂಗಿಲ್ಲರಿ! ಡಿಶ್ಶಿಗಿ ಬಡ್ದು ಅವ್ರ ಮಾರಿ ಮುಂದಿಂದ ಬರ್ತದ. ಬೇಕಂದ್ರ ಕುಂತು ನೋಡ್ರಿ."

"ಡಿಶ್ಶಿಗಿ ಮುಂದ-ಹಿಂದ ಇರಬಹುದವ್ವಾ. ನಾ ಕುಂತಿದ್ದೆಲ್ಲಿ? ಅವ್ರ ಹಿಂದ."

ಹೆಂಗಸರೆಲ್ಲ ಹೌದು ಹೌದೆಂದರು. ಹೊರಟವರನ್ನು ಹಿಂದಿನಿಂದ ಕರೆದರೆ ಕೆಲಸ ಕೆಡುತ್ತದೆ, ದಾರಿಯಲ್ಲಿ ವಿಘ್ನ ಬರುತ್ತದೆ. ನಮ್ಮ ಮನೆಯಲ್ಲೂ ಅಜ್ಜಿ ಹೀಗೇ ಬೈಯುತ್ತಿದ್ದಳು. ಈ ಮಣ್ಣಿನಲ್ಲೇ ಹುಟ್ಟಿದ ಸುಜಾತಾ ಇದನ್ನು ಮರೆತದ್ದು ಹೇಗೆ ಎಂದು ನನಗೆ ಸೋಜಿಗವಾಯಿತು. ಮರೆತಿರಲಿಲ್ಲ, ಅವರ ಮನೆಯಲ್ಲಿ ಅದು ಎಂದೂ ಇರಲೇ ಇಲ್ಲ. ಅವಳ ತಂದೆ ಬೌದ್ಧ ದೀಕ್ಷೆ ತೆಗೆದುಕೊಂಡ ದಿನವೇ ಶಕುನ, ಅಪಶಕುನಗಳನ್ನೆಲ್ಲ ಮನೆಯಿಂದ ಹೊರಗೆ ಹಾಕಿದವರು. "ಬಸ್ಸಿಗಿ ಹೊಂಟಾಗ ನಮ್ಮಪ್ಪ ಬೇಕಂತಲೇ ಹಿಂದಿಂದ ಕರೀತಿದ್ರು ನನಗ, ಅಂಜಿಕಿ ಹೋಗ್ಲಿ ಅಂತ" ಎಂದು ನನ್ನ ಕಿವಿಯಲ್ಲಿ ಸಿಟ್ಟಿನಿಂದ ಹೇಳಿದಳು.

ಪ್ರಭುದಾಸನ ಹೆಂಡತಿ ರೆಬೆಕ್ಕಾ ಅಲ್ಲೇ ನಿಂತಿದ್ದಳು. ಅಂಗನವಾಡಿಯಲ್ಲಿ ಸಹಾಯಕಿ, ಹೆಚ್ಚು ಮಾತಿನವಳಲ್ಲ. ಸುಜಾತಾ ಅವಳ ಕಡೆ ತಿರುಗಿ, "ನೀವಾದ್ರೂ ಹೇಳ್ರಿ, ನೀವು ಕ್ರಿಸ್ತನವ್ರು, ಇವೆಲ್ಲಾ ನಂಬ್ತೀರೇನು?" ಎಂದಳು.

"ನಂಬಂಗಿಲ್ಲರಿ ಅಕ್ಕೋರೆ," ಎಂದಳು ರೆಬೆಕ್ಕಾ. "ಆದ್ರ ಬಾಯಿ ಬರಂಗಿಲ್ಲ."

ನಾನೇ ಜಾಣತನ ತೋರಿಸಲು ಹೋದೆ. ಹೊರಡುವವರು ಇನ್ನೂ ಹೊರಟಿಲ್ಲವಲ್ಲ, ಈಗಲೇ ಆ ಕಡೆ ಹೋಗಿ ಕೂರಲಿ, ಈಗಲೇ ಮಾತಾಡಿ ಮುಗಿಸೋಣ, ಯಾವ ಅಪಶಕುನವೂ ಇಲ್ಲ ಎಂದೆ. ಹೆಂಗಸರಿಗೆ ಇದು ಬಹಳ ಹಿಡಿಸಿತು. ಕತ್ತಲಾಗುವವರೆಗೆ ಕೆರೆಯಲ್ಲಿ ಗದ್ದಲವೋ ಗದ್ದಲ. ಹಲೋ ಹಲೋ, ಉಂಡ್ಯಾ, ಯಾವಾಕಿ ನೀ, ನಿನ್ನ ಗಂಡನಿಗಿ ಫೋನ್ ಕೊಡು! ಗೋದಾವರಿಬಾಯಿ ಮೊಮ್ಮಗನಿಗೆ ಬೈದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ. ಎಲ್ಲವೂ ರೆಕಾರ್ಡರಿನಲ್ಲಿ ಸ್ಪಷ್ಟವಾಗಿ ಬಂತು. ಸಮಿತಿಗೆ ಇಷ್ಟು ಧಾರಾಳ ಸಾಕು, ನನ್ನ ಕೆಲಸ ಮುಗಿಯಿತು ಎಂದು ನಾನು ಪ್ರಭುದಾಸನ ಮನೆಯ ಚಾಪೆಯ ಮೇಲೆ ಕಾಲು ಚಾಚಿದೆ.

ಸುಜಾತಾ ಅದನ್ನೆಲ್ಲ ಕಣ್ಣು ಮುಚ್ಚಿ ಕೇಳಿದಳು. ಹೆಡ್‌ಫೋನು ತೆಗೆದು, "ಇದು ಮಕ್ಕಳ ಆಟ ಅಕ್ಕಾ," ಎಂದಳು. "ಹೋಗೋರೂ ಇಲ್ಲ ಇದ್ರಾಗ, ಉಳ್ಯೋರೂ ಇಲ್ಲ. ಬೇಕಂದ್ರ ಕಳಸು. ನನ್ನ ಹೆಸರ ಹಾಕಬ್ಯಾಡ."

ನನಗೆ ಸಿಟ್ಟೇ ಬಂತು. ಗೆಲ್ಲುವ ಕುದುರೆಯಿಂದ ತಾನಾಗಿ ಇಳಿಯುವವಳಿಗೆ ಏನು ಹೇಳುವುದು? ಇಷ್ಟು ದೂರ ಬಂದ ನನ್ನ ದಣಿವಿಗಾದರೂ ಬೆಲೆ ಬೇಡವೇ ಎಂದು ಅಂದೇಬಿಟ್ಟೆ. ಅವಳು ಹೇಳಿದ ಮಾತಿನಂತೆ ಹರಳೆಣ್ಣೆ ತಂದು, ನನ್ನ ಸೊಂಟಕ್ಕೆ ತಿಕ್ಕಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಬೆಳಿಗ್ಗೆ ಏಳಕ್ಕೆ ಹೈದರಾಬಾದಿನ ಬಸ್ಸು, ಬೀದರದವರೆಗೆ ನನಗೂ ಅದೇ. ಬೆಳಕು ಹರಿಯುವಾಗಲೇ ರಸ್ತೆಯ ದಂಡೆಯಲ್ಲಿ ಜನ ಸೇರಿದ್ದರು. ಹಾಸಿಗೆ ಸುರುಳಿ, ಪ್ಲಾಸ್ಟಿಕ್ ಕೊಡ, ರೊಟ್ಟಿಯ ಗಂಟು, ಒಬ್ಬರ ಬಳಿ ಕಾಲಿಗೆ ಹಗ್ಗ ಕಟ್ಟಿದ ಕೋಳಿ. ಊರಿನವರು ಬೀಳ್ಕೊಡಲು ರಸ್ತೆಯವರೆಗೆ ಬರಲಿಲ್ಲ. ಊರ ಕಡೆಯ ದಂಡೆಯ ಡಿಶ್ಶಿನ ಸುತ್ತ ನಿಂತಿದ್ದರು. ಸುಜಾತಾ ಅವರ ಜೊತೆಗಿದ್ದಳು. ನಾನು ರಸ್ತೆ ಕಡೆಯ ಡಿಶ್ಶಿನಲ್ಲಿ ರೆಕಾರ್ಡರನ್ನು ಬಳೆಗೆ ತೂಗುಹಾಕಿ, ಹೆಡ್‌ಫೋನು ಏರಿಸಿ ಕುಳಿತೆ. ಇದರಿಂದ ಏನೂ ಬರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು.

ಹೊರಡುವವರು ಒಬ್ಬೊಬ್ಬರೇ ಬಂದು ಸ್ಟೂಲಿನ ಮೇಲೆ ಕುಳಿತರು. ಮೊದಲು ಬಂದವನು ನಾಚಿಕೆಯಿಂದ ಡಿಶ್ಶಿನೊಳಕ್ಕೆ, "ಹೋಗಿ ಬರ್ತೇನಿ" ಎಂದ. ಆ ಕಡೆಯಿಂದ ಉತ್ತರವಿಲ್ಲ. ಅವನೇನೂ ಕಾಯುತ್ತಿರಲಿಲ್ಲ ಕೂಡ, ಎದ್ದು ಹೋದ. ಎರಡನೆಯವಳು, "ಆಡಿಗಿ ಹಿಂಡಿ ಹಾಕು ಯವ್ವಾ, ಹೋಗಿ ಬರ್ತೇನಿ" ಎಂದಳು. ಉತ್ತರವಿಲ್ಲ. ಆದರೆ ನನ್ನ ಹೆಡ್‌ಫೋನಿನಲ್ಲಿ ಏನೋ ಇತ್ತು. ಗುಂಡಿ ತಿರುಗಿಸಿ ಧ್ವನಿ ಹೆಚ್ಚಿಸಿದೆ. ಯಾರೋ ಉಸಿರಾಡುತ್ತಿದ್ದರು. ಕೈಬಳೆಗಳು ಒಂದಕ್ಕೊಂದು ತಾಗಿದವು. ಎಂಜಲು ನುಂಗಿದ ಸದ್ದು, ಹಿಂದೆ ಎಲ್ಲೋ ಆಡಿನ ಮರಿ. ಆಚೆ ದಂಡೆಯಲ್ಲಿ ಆ ಹೆಂಗಸಿನ ತಾಯಿ ಬಳೆಯ ಹತ್ತಿರ ಬಾಯಿಟ್ಟು ಕುಳಿತಿದ್ದಾಳೆ, ಮಾತಾಡುತ್ತಿಲ್ಲ. ಮಗಳಿಗೂ ಅದು ಕೇಳುತ್ತಿತ್ತು. ಅವಳು ಎದ್ದು ಹೋಗಲಿಲ್ಲ. ಸರದಿಯಲ್ಲಿ ನಿಂತವರು ಅವಸರ ಮಾಡಲಿಲ್ಲ.

ಹೀಗೇ ಒಬ್ಬೊಬ್ಬರದೂ ನಡೆಯಿತು. ಗೋದಾವರಿಬಾಯಿ ಬರುವ ಕೆಮ್ಮನ್ನು ಒತ್ತಿ ಹಿಡಿಯುತ್ತಿದ್ದದ್ದು ಸ್ಪಷ್ಟವಾಗಿ ಕೇಳಿತು. ಕೆಮ್ಮಿದರೂ ಕರೆದ ಹಾಗಾದೀತು ಎಂದೇನೋ. ಒಂದು ಚಿಕ್ಕ ಮಗು "ಅಪ್ಪಾ" ಎನ್ನಲು ಹೊರಟಿತು, ಯಾರದೋ ಅಂಗೈ ಅದರ ಬಾಯಿ ಮುಚ್ಚಿತು. ನಾನು ಕಣ್ಣು ಒರೆಸಿಕೊಂಡೆ. ಹಿಂದಿನ ಸಂಜೆಯ ಹಲೋ ಹಲೋ ನೆನಪಾಗಿ ನಾಚಿಕೆಯಾಯಿತು.

ಪ್ರಭುದಾಸ ಕೊನೆಗೆ ಬಂದ. ಕೂರುವ ಮೊದಲು ಬಳೆಯನ್ನು ಮುಟ್ಟಿ ನೋಡಿ, ಚೂರು ಸರಿಸಿದ. ಆಮೇಲೆ ಕುಳಿತು, "ಸಿಲಿಂಡರ್ ಬಂದ್ರ ರೆಗ್ಯುಲೇಟರ್ ತಿರುವಿ ಹಾಕು, ಒತ್ತಬ್ಯಾಡ. ಆದಿತವಾರ ಪ್ರಾರ್ಥನಿಗಿ ಗುಡಿಗಿ ಹೋಗು, ಒಬ್ಬಾಕೀ ಅಂತ ಬಿಡಬ್ಯಾಡ" ಎಂದ. ಆ ಕಡೆ ರೆಬೆಕ್ಕಾ ಉಸಿರು ಹಿಡಿದಿದ್ದಳು. ಅವನು ಮಾತು ನಿಲ್ಲಿಸಿದಾಗ ಅದು ಒಮ್ಮೆಲೇ ಹೊರಬಂತು, ನಡುಗುತ್ತ. ಅವನು ಡಿಶ್ಶಿಗೆ ಹಣೆ ತಾಗಿಸುವಷ್ಟು ಬಾಗಿದ. ಬಸ್ಸು ಬಂದು ಹಾರ್ನ್ ಹೊಡೆಯಿತು. "ಹೋಗಿ ಬರ್ತೇನಿ" ಎಂದು ಎದ್ದವನು ನನ್ನ ಕಡೆ ನೋಡದೆ ಹಾದುಹೋದ.

ಸುಜಾತಾ ಅಷ್ಟರಲ್ಲಿ ಕೆರೆ ದಾಟಿ ನನ್ನನ್ನು ಕಳಿಸಲು ಬಂದಿದ್ದಳು. ಅವಳ ಮುಖ ಬಾಡಿತ್ತು. "ಒಬ್ಬರೂ ಬಾಯಿ ಬಿಡಲಿಲ್ಲ ಅಕ್ಕಾ. ನಾನೂ 'ಮಾತಾಡ್ರಿ' ಅನ್ಲಿಲ್ಲ. ಯಾಕೋ ಆಗ್ಲಿಲ್ಲ. ಮುಗೀತು ಬಿಡು" ಎಂದಳು. ನೀನು ಈ ಕಡೆ ಕುಳಿತು ಕೇಳಬೇಕಿತ್ತು ಎಂದು ಹೇಳಲು ಹೋದೆ. ಕಂಡಕ್ಟರು ಅವಸರ ಮಾಡಿದ, ಮೇಲೆ ಲಗೇಜು ಕಟ್ಟುವವರು ಕೂಗಾಡಿದರು, ಯಾರೋ ನನ್ನ ಚೀಲವನ್ನು ಕಿಟಕಿಯಿಂದ ಒಳಗೆ ಎಸೆದರು. ಅವಳ ಕೈ ಹಿಚುಕಿ ಬಸ್ಸು ಹತ್ತಿದೆ. ಪ್ರಭುದಾಸನ ಪಕ್ಕದ ಸೀಟು ಸಿಕ್ಕಿತು.

ಬಸ್ಸು ಹೊರಟು ಸ್ವಲ್ಪ ಹೊತ್ತಾದ ಮೇಲೆ ಕೊರಳಲ್ಲಿದ್ದ ಹೆಡ್‌ಫೋನಿಗೆ ಕೈ ಹೋಯಿತು. ಅದರ ತಂತಿಯ ತುದಿ ಬರಿದಾಗಿ ನೇತಾಡುತ್ತಿತ್ತು. ರೆಕಾರ್ಡರು ಡಿಶ್ಶಿನ ಬಳೆಯಲ್ಲೇ ಉಳಿದಿತ್ತು. ಕಿಟಕಿಯಿಂದ ಹೊರಗೆ ಬಾಗಿದಾಗ ಕೆರೆಯ ಅಂಗಳದಲ್ಲಿ ಓಡುತ್ತಿರುವ ಸುಜಾತಾ ಕಂಡಳು. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಬಿರಿದ ಮಣ್ಣಿನ ಮೇಲೆ ಎಡವುತ್ತ, ಬಸ್ಸಿನ ಕಡೆಗಲ್ಲ, ಅಡ್ಡಹಾಯ್ದು ಓಡುತ್ತಿದ್ದಳು. ರಸ್ತೆ ಕೆರೆಯ ಏರಿ ಬಳಸಿ ಕೋಡಿಯ ಹತ್ತಿರ ತಿರುಗುತ್ತದೆ. ಅವಳು ಕೋಡಿಯ ಕಡೆ ಹೊರಟಿದ್ದಳು. ನಾನು ಕಂಡಕ್ಟರಿಗೆ ನಿಲ್ಲಿಸ್ರಿ ಎಂದು ಕೂಗುವಷ್ಟರಲ್ಲಿ ಬಸ್ಸೇ ನಿಂತಿತು. ಅವಳು ಬಸ್ಸಿನ ಎದುರಿಗೆ ಎರಡೂ ಕೈ ಚಾಚಿ ನಿಂತಿದ್ದಳು.

ಡ್ರೈವರು ಬೈದ. ಸುಜಾತಾ ಕಿಟಕಿಯ ಹತ್ತಿರ ಬಂದು ರೆಕಾರ್ಡರು ಮೇಲೆ ಚಾಚಿದಳು. ಎದೆ ಏರಿಳಿಯುತ್ತಿತ್ತು. ಒಂದು ಮೊಣಕಾಲು ತರಚಿ ರಕ್ತ ಬಂದಿತ್ತು.

"ಬಸ್ಸು ಅಲ್ಲೇ ಇತ್ತಲ್ಲೇ," ಎಂದೆ. "ಒಂದು ಸಲ ಕೂಗಿದ್ರ ನಿಲ್ಲತಿತ್ತು. ಇಷ್ಟ್ಯಾಕ ಓಡಿದಿ?"

ಅವಳು ಬಸ್ಸಿನಲ್ಲಿದ್ದವರನ್ನೆಲ್ಲ ಒಮ್ಮೆ ನೋಡಿದಳು. "ಇಷ್ಟ್ ಮಂದಿ ಹೊಂಟಾರ," ಎಂದಳು. "ಹಿಂದಿಂದ ಹ್ಯಾಂಗ ಕರೀಲಿ?"

ಬಸ್ಸು ಮತ್ತೆ ಹೊರಟಿತು. ರೆಕಾರ್ಡರಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ನಾನು ಅದನ್ನು ನಿಲ್ಲಿಸಿಯೇ ಇರಲಿಲ್ಲ. ಹೆಡ್‌ಫೋನು ಸಿಕ್ಕಿಸಿ ಹಿಂದಕ್ಕೆ ತಿರುವಿ ಕೇಳಿದೆ. ಎಲ್ಲವೂ ಇತ್ತು. ಆ ಉಸಿರುಗಳು, ಕೈಬಳೆಗಳು, ಒತ್ತಿಟ್ಟ ಕೆಮ್ಮು. ಕೊನೆಯಲ್ಲಿ ಸುಜಾತಾಳ ಓಟ: ಒಣ ಮಣ್ಣಿನ ಮೇಲೆ ಕಾಲು, ಒಡೆದ ಉಸಿರು, ಒಮ್ಮೆ ಬಿದ್ದ ಸದ್ದು, ಮತ್ತೆ ಕಾಲು. ಬಾಯಿಂದ ಒಂದು ಶಬ್ದವಿಲ್ಲ. ನಾನು ಅದರಲ್ಲಿ ಏನನ್ನೂ ಕತ್ತರಿಸದೆ ಹಾಗೆಯೇ ಕಳಿಸಬೇಕೆಂದು ಅಲ್ಲೇ ನಿರ್ಧರಿಸಿದೆ. ಇದು ಆಯ್ಕೆಯಾಗದಿದ್ದರೆ ಆ ಸಮಿತಿಯವರ ಮನೆಬಾಗಿಲಿಗೆ ಹೋಗಿ ಜಗಳವಾಡುವುದೆಂದೂ ಠರಾಯಿಸಿದೆ. ಜಗಳದ ಅಗತ್ಯ ಬೀಳಲಿಲ್ಲ, ಅವರು ಒಪ್ಪಿದರು. ಆದರೆ ಅದು ಆಮೇಲಿನ ಮಾತು.

ಬೀದರ ಹತ್ತಿರ ಬಂದಾಗ ಪ್ರಭುದಾಸನಿಗೆ ಹೆಡ್‌ಫೋನು ಚಾಚಿದೆ. "ರೆಬೆಕ್ಕಾ ಅವರದೂ ಬಂದದ. ಕೇಳ್ತೀರೇನು?" ಎಂದೆ. ಅವನು ಕೈ ಮುಂದೆ ತಂದ. ಹೆಡ್‌ಫೋನನ್ನು ಮುಟ್ಟಿದ ಕೂಡ. ಆಮೇಲೆ ಕೈ ಹಿಂದೆಗೆದುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡ.

"ಬ್ಯಾಡ್ರಿ ಮೇಡಂ. ಈಗ ಕೇಳಿದ್ರ ನಿಮ್ಮ ಜೋಡಿ ಬೀದರದಾಗೇ ಇಳಿದು ಹೊಳ್ಳಿ ಹೋಗ್ತೇನಿ."

ನಾನು ಬೀದರದಲ್ಲಿ ಇಳಿದೆ. ಧಾರವಾಡದ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಹೈದರಾಬಾದಿನ ಬಸ್ಸು ಚಾಗೆಂದು ಸ್ವಲ್ಪ ಹೊತ್ತು ನಿಂತು ಹೊರಟಿತು. ಪ್ರಭುದಾಸ ಕಿಟಕಿಯಲ್ಲಿ ಕುಳಿತಿದ್ದ, ಮುಂದಕ್ಕೆ ನೋಡುತ್ತಿದ್ದ. ಅವನ ಹೆಸರು ನಾಲಿಗೆಯ ತುದಿಯವರೆಗೆ ಬಂದಿತ್ತು. ಬಸ್ಸು ನಿಲ್ದಾಣದ ಗೇಟು ದಾಟಿ ಮರೆಯಾಗುವವರೆಗೂ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ.